ಎರಡು ಕಾರ್ಡ್ ಇರುವ ಅಪ್ಪ ಅಮ್ಮನಿಗೆ ಯಾವ ದಾರಿ? ಮೆಡಿಕೇರ್ ಜೊತೆಗೆ ಮೆಡಿಕೇಡ್ ಕೂಡ ಇದ್ದವರಿಗೆ ಒಂದು ಹೋಲಿಕೆ

ನಮ್ಮಮ್ಮನ ಪರ್ಸಿನಲ್ಲಿ ಎರಡು ಕಾರ್ಡ್ ಇವೆ. ಒಂದು ಕೆಂಪು, ಬಿಳಿ, ನೀಲಿ ಬಣ್ಣದ ಕಾಗದದ್ದು. ಅದು ಮೆಡಿಕೇರ್, ಅಮೆರಿಕದಲ್ಲಿ ವಯಸ್ಸಾದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ. ಇನ್ನೊಂದು ಪ್ಲಾಸ್ಟಿಕ್ಕಿನದು, ಮೇಲೆ ಪಾಪಿ ಹೂವಿನ ಚಿತ್ರ. ಅದು ಮೆಡಿ-ಕ್ಯಾಲ್, ಅಂದರೆ ಕ್ಯಾಲಿಫೋರ್ನಿಯಾದ ಮೆಡಿಕೇಡ್, ಆದಾಯ ಕಡಿಮೆ ಇರುವವರದ್ದು. ಕಳೆದ ವರ್ಷ ಕಣ್ಣಿನ ಡಾಕ್ಟರ ಹತ್ತಿರ ಹೋದಾಗ ಅಮ್ಮ ಕೌಂಟರಿನಲ್ಲಿ ಮೊದಲನೆಯದನ್ನು ಮಾತ್ರ ಕೊಟ್ಟರು. ತಿಂಗಳು ಕಳೆದ ಮೇಲೆ 214 ಡಾಲರಿನ ಬಿಲ್ ಮನೆಗೆ ಬಂತು. "ಇನ್ನೊಂದು ಕಾರ್ಡ್ ಯಾಕಮ್ಮ ತೋರಿಸಲಿಲ್ಲ?" ಅಂತ ಕೇಳಿದೆ. "ಅದು ಬಡವರ ಕಾರ್ಡು ಅಂತಾರಲ್ಲ ಕಣೇ. ಎಲ್ಲರ ಮುಂದೆ ತೆಗೆಯೋಕೆ ಒಂಥರಾ ಆಯ್ತು" ಅಂದರು.

ಆ ಬಿಲ್ ಕಟ್ಟುವ ಅಗತ್ಯವೇ ಇರಲಿಲ್ಲ. ಎರಡೂ ಕಾರ್ಡ್ ಇದ್ದವರಿಂದ, ಮೆಡಿಕೇರ್ ಒಪ್ಪಿಕೊಂಡ ಚಿಕಿತ್ಸೆಗೆ ಬಾಕಿ ಹಣ ಕೇಳುವುದು ಇಲ್ಲಿ ಕಾನೂನಿಗೆ ವಿರುದ್ಧ. ಅದನ್ನು ಫೋನ್ ಮಾಡಿ ಹೇಳಿದೆ. ಆದರೂ ಎರಡನೇ ಬಿಲ್ ಬಂತು. ಮೂರನೆಯದರಲ್ಲಿ "ವಸೂಲಿಗೆ ಕಳಿಸುತ್ತೇವೆ" ಅಂತ ಬರೆದಿತ್ತು. ಕೊನೆಗೆ ಮೆಡಿಕೇರಿನ 1-800-633-4227ಕ್ಕೆ ಫೋನ್ ಮಾಡಿ ದೂರು ಬರೆಸಿದ ಮೇಲೆ ಬಿಲ್ ಸೊನ್ನೆಯಾಯಿತು. ಅಷ್ಟರಲ್ಲಿ ನನಗೆ ಎರಡು ಅರ್ಧ ದಿನದ ರಜೆ ಹೋಗಿತ್ತು.

ಈ ಓಡಾಟದಲ್ಲೇ ಒಂದು ವಿಷಯ ಗೊತ್ತಾಯಿತು. ಎರಡು ಕಾರ್ಡ್ ಇದ್ದರೆ ಸಾಕಾಗುವುದಿಲ್ಲ. ಆ ಎರಡನ್ನೂ ಜೋಡಿಸುವ ಕೆಲಸ ಯಾರದ್ದು ಅನ್ನುವುದನ್ನೂ ನಾವೇ ಆರಿಸಬೇಕು. ಆ ಕೆಲಸ ನಿಮ್ಮದಾಗಬಹುದು, ಒಂದು ಇನ್ಶೂರೆನ್ಸ್ ಪ್ಲ್ಯಾನಿನದಾಗಬಹುದು, ಇಲ್ಲವೇ ಒಂದು ಡೇ ಸೆಂಟರಿನದಾಗಬಹುದು. ಒಂದೊಂದಕ್ಕೂ ಬೇರೆ ಬೇರೆ ಬೆಲೆ ಇದೆ. "ನಮ್ಮಪ್ಪನಿಗೆ ಬ್ರೋಕರ್ ಫೋನ್ ಮಾಡಿದ್ದಾರೆ, ಆ ಪ್ಲ್ಯಾನ್ ಸೇರಿಸಲಾ?" ಅಂತ ಗೆಳತಿಯರು ಆಗಾಗ ಕೇಳುತ್ತಾರೆ. ಅವರಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ. ನಾನಿರುವುದು ಸನ್ನಿವೇಲ್‌ನಲ್ಲಿ, ಹಾಗಾಗಿ ವಿವರಗಳು ಕ್ಯಾಲಿಫೋರ್ನಿಯಾದವು. ಬೇರೆ ರಾಜ್ಯದ ಮಾತು ಕೊನೆಯ ಕಡೆ ಇದೆ.

ಎರಡೂ ಕಾರ್ಡ್ ಬರುವುದು ಹೇಗೆ

ಎರಡು ಯೋಜನೆಗಳೂ ಒಂದೇ ದಿನ ಹುಟ್ಟಿದವು. 1965ರ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಅದಕ್ಕೆ ಸಹಿ ಹಾಕಿದರು. ಮೆಡಿಕೇರ್ ಮುಖ್ಯವಾಗಿ 65 ದಾಟಿದವರಿಗೆ. ಅದನ್ನು ನಡೆಸುವುದು ಫೆಡರಲ್ ಸರ್ಕಾರ. ಮೆಡಿಕೇಡ್ ಆದಾಯ ಕಡಿಮೆ ಇರುವವರಿಗೆ. ಅದರ ಖರ್ಚನ್ನು ಫೆಡರಲ್ ಸರ್ಕಾರ ಮತ್ತು ರಾಜ್ಯ ಹಂಚಿಕೊಳ್ಳುತ್ತವೆ. ಈಗ ಎರಡರಲ್ಲೂ ಇರುವವರು 1 ಕೋಟಿ 20 ಲಕ್ಷಕ್ಕೂ ಜಾಸ್ತಿ. ನಾಚಿಕೆ ಪಡುವ ಅಮ್ಮಂದಿರಿಗೆ ಈ ಸಂಖ್ಯೆ ಹೇಳಿ.

ಮಕ್ಕಳ ಜೊತೆ ಇರಲು ಗ್ರೀನ್ ಕಾರ್ಡಿನಲ್ಲಿ ಬಂದ ನಮ್ಮ ತಂದೆತಾಯಿಯರು ಇಲ್ಲಿ ಕೆಲಸ ಮಾಡಿದವರಲ್ಲ. 10 ವರ್ಷದ ಕೆಲಸದ ಲೆಕ್ಕ ಇಲ್ಲದಿದ್ದರೆ ಮೆಡಿಕೇರಿನ ಆಸ್ಪತ್ರೆ ಭಾಗ, ಅಂದರೆ ಪಾರ್ಟ್ ಎ, ಬಿಟ್ಟಿಯಾಗಿ ಸಿಗುವುದಿಲ್ಲ. ಗ್ರೀನ್ ಕಾರ್ಡ್ ಇಟ್ಟುಕೊಂಡು ಸತತ 5 ವರ್ಷ ಇಲ್ಲಿದ್ದ ಮೇಲೆ ಅದನ್ನು ದುಡ್ಡು ಕೊಟ್ಟು ಕೊಳ್ಳಬಹುದು. 2026ರಲ್ಲಿ ಅದಕ್ಕೆ ತಿಂಗಳಿಗೆ 565 ಡಾಲರ್. ಡಾಕ್ಟರ ಖರ್ಚಿನ ಪಾರ್ಟ್ ಬಿಗೆ ಇನ್ನೂ 202.90 ಡಾಲರ್. ಗಂಡ ಹೆಂಡತಿ ಇಬ್ಬರಿಗೂ ಸೇರಿದರೆ ತಿಂಗಳಿಗೆ 1,500 ದಾಟುತ್ತದೆ.

ಇಲ್ಲಿ ಮೆಡಿ-ಕ್ಯಾಲ್ ಕೈ ಹಿಡಿಯುತ್ತದೆ. 2025ರ ಜನವರಿ 1ರಿಂದ ಕ್ಯಾಲಿಫೋರ್ನಿಯಾ ಕೂಡ, ಕ್ಯೂಎಂಬಿ ಅನ್ನುವ, ಆದಾಯ ಕಡಿಮೆ ಇದ್ದವರ ಮೆಡಿಕೇರ್ ಖರ್ಚು ಕಟ್ಟುವ ನೆರವಿಗೆ ಅರ್ಹರಾದವರ ಪಾರ್ಟ್ ಎ ಪ್ರೀಮಿಯಂ ಕಟ್ಟಲು ಒಪ್ಪಿಕೊಂಡಿತು. ಅಂಥವರು ವರ್ಷದ ಯಾವಾಗ ಬೇಕಾದರೂ ಸೇರಬಹುದು. ತಡವಾಯಿತೆಂದು ದಂಡ ಹಾಕುವುದಿಲ್ಲ. ಪಾರ್ಟ್ ಬಿ ಪ್ರೀಮಿಯಂ ಕೂಡ ರಾಜ್ಯವೇ ಕಟ್ಟುತ್ತದೆ. ಇದು ಗೊತ್ತಿಲ್ಲದೆ ಈಗಲೂ ಕೈಯಿಂದ ಕಟ್ಟುತ್ತಿರುವ ಮನೆಗಳು ನನಗೆ ಗೊತ್ತು.

ಒಂದು ಎಚ್ಚರಿಕೆ. 2026ರ ಜನವರಿಯಿಂದ ಮೆಡಿ-ಕ್ಯಾಲ್ ಮತ್ತೆ ಆಸ್ತಿ ಲೆಕ್ಕ ಕೇಳುತ್ತಿದೆ. ಒಬ್ಬರಿಗೆ 1,30,000 ಡಾಲರ್, ದಂಪತಿಗೆ 1,95,000 ಡಾಲರ್ ಮಿತಿ. ಅವರು ವಾಸ ಮಾಡುವ ಸ್ವಂತ ಮನೆ, ಒಂದು ಕಾರು ಲೆಕ್ಕಕ್ಕಿಲ್ಲ. ಆದರೆ ಹಾಸನದಲ್ಲಿರುವ ಸೈಟು, ಊರಿನ ಬ್ಯಾಂಕಿನ ಎಫ್‌ಡಿ ಇವನ್ನೆಲ್ಲ ಹೇಳಲೇಬೇಕು. ಅಪ್ಪ ಅಮ್ಮ ಇನ್ನೂ ಸಿಟಿಜನ್ ಆಗಿಲ್ಲದಿದ್ದರೆ, ನೀವು ಸ್ಪಾನ್ಸರ್ ಮಾಡುವಾಗ ಅವರ ಖರ್ಚಿಗೆ ನಾನು ಹೊಣೆ ಎಂದು ಸಹಿ ಹಾಕಿದ ಐ-864 ಪತ್ರದ ಬಗ್ಗೆ ಇಮಿಗ್ರೇಶನ್ ವಕೀಲರನ್ನು ಒಮ್ಮೆ ಕೇಳಿ, ಆಮೇಲೆ ಅರ್ಜಿ ಹಾಕಿ.

ಎರಡೂ ಇದ್ದಾಗ ಮೊದಲು ಹಣ ಕೊಡುವುದು ಮೆಡಿಕೇರ್. ಉಳಿದದ್ದಕ್ಕೆ ಮೆಡಿಕೇಡ್. "ಇದು ಎಷ್ಟು ಲಕ್ಷದ್ದು?" ಅಂತ ಅಮ್ಮ ಕೇಳಿದ್ದರು. ಊರಲ್ಲಿ ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ಅಂತ ಮಿತಿ ಇದೆಯಲ್ಲ, ಅದನ್ನು ನೆನೆದು ಕೇಳಿದ್ದು. ಇಲ್ಲಿ ಹಾಗೆ ಒಂದು ಮೊತ್ತ ಇಲ್ಲ. ಆಸ್ಪತ್ರೆಗೆ ಸೇರಿದರೆ ಮೊದಲ 1,736 ಡಾಲರ್ ರೋಗಿಯದ್ದು. ಡಾಕ್ಟರ ಖರ್ಚಿನಲ್ಲಿ ವರ್ಷಕ್ಕೆ ಮೊದಲ 283 ಡಾಲರ್, ಆಮೇಲೆ ನೂರಕ್ಕೆ 20 ರೋಗಿಯದ್ದು. ಎರಡನೇ ಕಾರ್ಡ್ ಇದ್ದರೆ ಇವು ಯಾವುವೂ ನಿಮ್ಮ ತಲೆ ಮೇಲೆ ಬರುವುದಿಲ್ಲ. ಇನ್ನೂ ಮುಖ್ಯ ವಿಷಯವೆಂದರೆ, ಮೆಡಿಕೇರ್ ಮುಟ್ಟದ ಕೆಲಸಗಳನ್ನು ಮೆಡಿ-ಕ್ಯಾಲ್ ಮಾಡುತ್ತದೆ. ದಿನಾ ಸ್ನಾನ ಮಾಡಿಸಲು ಮನೆಗೆ ಬರುವ ಸಹಾಯ, ಹಲ್ಲಿನ ಚಿಕಿತ್ಸೆ, ಆಸ್ಪತ್ರೆಗೆ ಹೋಗಿಬರಲು ಗಾಡಿ, ವರ್ಷಗಟ್ಟಲೆ ನರ್ಸಿಂಗ್ ಹೋಮ್ (ಇಲ್ಲಿ ಅದು ಊರಿನಂತೆ ಸಣ್ಣ ಆಸ್ಪತ್ರೆಯಲ್ಲ, ವಯಸ್ಸಾದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಜಾಗ). ಮೆಡಿಕೇರ್ ನರ್ಸಿಂಗ್ ಹೋಮಿಗೆ ಕೊಡುವುದು ಹೆಚ್ಚೆಂದರೆ 100 ದಿನ, ಅದೂ ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದು ಬಂದ ಮೇಲೆ.

ಯಾವುದರಿಂದ ಅಳೆಯಬೇಕು

ಮುಂದೆ ಹೇಳುವ ನಾಲ್ಕು ದಾರಿಗಳಲ್ಲಿ ಯಾವುದರಲ್ಲೂ ನೇರ ಖರ್ಚು ಜಾಸ್ತಿ ಇಲ್ಲ. ಎರಡೂ ಕಾರ್ಡ್ ಪೂರ್ತಿ ಇದ್ದವರಿಗೆ ಎಲ್ಲವೂ ಸೊನ್ನೆಗೆ ಹತ್ತಿರ. ಔಷಧಿಗೂ ಅಷ್ಟೇ. ಎರಡೂ ಇದ್ದವರಿಗೆ ಎಕ್ಸ್‌ಟ್ರಾ ಹೆಲ್ಪ್ ಅನ್ನುವ ಔಷಧಿ ಖರ್ಚಿನ ನೆರವು ತಾನಾಗಿಯೇ ಬರುತ್ತದೆ. 2026ರಲ್ಲಿ ಒಂದು ಜನರಿಕ್ ಔಷಧಿಗೆ ಹೆಚ್ಚೆಂದರೆ 5.10 ಡಾಲರ್, ಬ್ರಾಂಡ್ ಔಷಧಿಗೆ 12.65. ಆದಾಯ ಇನ್ನೂ ಕಡಿಮೆ ಇದ್ದರೆ ಇದಕ್ಕಿಂತ ಕಡಿಮೆ. ಹಾಗಾಗಿ "ಯಾವುದು ಅಗ್ಗ?" ಅನ್ನುವ ಪ್ರಶ್ನೆಯಿಂದ ಶುರು ಮಾಡಬೇಡಿ. ಮನೆಗೆ ನಿಜವಾಗಿ ಬೀಳುವ ಖರ್ಚು ಬೇರೆ. ಅದು ಮಕ್ಕಳ ರಜೆ, ಬಿಟ್ಟ ಕೆಲಸ, ನೋಡಿಕೊಳ್ಳುವವರಿಗೆ ಕೈಯಿಂದ ಕೊಡುವ ಸಂಬಳ.

ನಾನು ಒಂದು ಹಾಳೆ ತೆಗೆದುಕೊಂಡು ಅಮ್ಮನ ಒಂದು ವಾರವನ್ನು ಬರೆದೆ. ಯಾವ ಡಾಕ್ಟರು, ಯಾವ ಮಾತ್ರೆ, ಸ್ನಾನಕ್ಕೆ ಯಾರು, ಮಧ್ಯಾಹ್ನ ಯಾರು ಇರುತ್ತಾರೆ, ಯಾರ ಜೊತೆ ಕನ್ನಡದಲ್ಲಿ ಮಾತಾಡುತ್ತಾರೆ, ಊರಿಗೆ ಎಷ್ಟು ತಿಂಗಳು ಹೋಗುತ್ತಾರೆ. ಅದನ್ನು ಬರೆದ ಮೇಲೆ ಅಳತೆಗೋಲು ತಾನಾಗಿಯೇ ಸಿಕ್ಕಿತು. ಬಿಡಲಾಗದ ಡಾಕ್ಟರು ಇದ್ದಾರಾ? ದಿನನಿತ್ಯದ ಕೆಲಸಕ್ಕೆ ಕೈ ಬೇಕಾ? ಫೋನು, ಕಾಗದಪತ್ರ ನೋಡಿಕೊಳ್ಳಲು ಮನೆಯಲ್ಲಿ ಯಾರಿಗಾದರೂ ಸಮಯ ಇದೆಯಾ? ಮಾತು ಮತ್ತು ಊಟ ಹೊಂದುತ್ತದಾ? ಊರಿಗೆ ಹೋಗಿಬರುವುದು ಎಷ್ಟು? ಈ ಐದೇ ಸಾಕು.

ಮೊದಲ ದಾರಿ: ಒರಿಜಿನಲ್ ಮೆಡಿಕೇರ್, ಜೊತೆಗೆ ಮೆಡಿ-ಕ್ಯಾಲ್

ಯಾವ ಪ್ಲ್ಯಾನನ್ನೂ ಸೇರದೆ ಸರ್ಕಾರದ ಮೆಡಿಕೇರನ್ನೇ ಇಟ್ಟುಕೊಳ್ಳುವುದು. ಔಷಧಿಗೆ ಮಾತ್ರ ಪಾರ್ಟ್ ಡಿ ಪ್ಲ್ಯಾನ್ ಬೇರೆ. ಇದರ ದೊಡ್ಡ ಲಾಭ ಸ್ವಾತಂತ್ರ್ಯ. ದೇಶದ ಯಾವ ಮೂಲೆಯಲ್ಲಾದರೂ ಮೆಡಿಕೇರ್ ತೆಗೆದುಕೊಳ್ಳುವ ಡಾಕ್ಟರ ಹತ್ತಿರ ಹೋಗಬಹುದು. ಸ್ಪೆಷಲಿಸ್ಟ್ ನೋಡಲು ಯಾರ ಚೀಟಿಯೂ ಬೇಡ. ಹೆಚ್ಚಿನ ಪರೀಕ್ಷೆಗಳಿಗೆ ಮುಂಗಡ ಒಪ್ಪಿಗೆಗೆ ಕಾಯುವುದೂ ಇಲ್ಲ.

ಇಲ್ಲಿ ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. 2023ರಿಂದ ಕ್ಯಾಲಿಫೋರ್ನಿಯಾದಲ್ಲಿ ಎರಡೂ ಕಾರ್ಡ್ ಇದ್ದವರು ಮೆಡಿ-ಕ್ಯಾಲ್ ಭಾಗಕ್ಕೆ ಒಂದು ಮ್ಯಾನೇಜ್ಡ್ ಕೇರ್ ಪ್ಲ್ಯಾನಿನಲ್ಲಿ, ಅಂದರೆ ರಾಜ್ಯದ ಪರವಾಗಿ ಮೆಡಿ-ಕ್ಯಾಲ್ ಸೇವೆಗಳನ್ನು ನೋಡಿಕೊಳ್ಳುವ ಪ್ಲ್ಯಾನಿನಲ್ಲಿ, ಇರಲೇಬೇಕು. ಅದರ ಕಾರ್ಡ್ ಬಂದ ಕೂಡಲೇ "ಅಯ್ಯೋ, ನಮ್ಮ ಡಾಕ್ಟರು ಇದರಲ್ಲಿ ಇಲ್ಲ" ಅಂತ ಗಾಬರಿ. ಗಾಬರಿ ಬೇಡ. ಮೆಡಿಕೇರ್ ಡಾಕ್ಟರು ಆ ಮೆಡಿ-ಕ್ಯಾಲ್ ಪ್ಲ್ಯಾನಿನ ಡಾಕ್ಟರ ಪಟ್ಟಿಯಲ್ಲಿ, ಅಂದರೆ ನೆಟ್‌ವರ್ಕಿನಲ್ಲಿ ಇರಬೇಕಾಗಿಲ್ಲ. ಇದನ್ನು ಕೌಂಟರಿನಲ್ಲಿ ಕೂತವರಿಗೂ ಕೆಲವೊಮ್ಮೆ ನಾವೇ ಹೇಳಬೇಕಾಗುತ್ತದೆ.

ಕಷ್ಟ ಏನು ಅಂದರೆ, ಜೋಡಿಸುವ ಕೆಲಸ ಪೂರ್ತಿ ನಿಮ್ಮದೇ. ಕಣ್ಣಿನ ಡಾಕ್ಟರಿಗೂ ಕಿಡ್ನಿ ಡಾಕ್ಟರಿಗೂ ಮಾತಿಲ್ಲ. ಗಾಡಿ ಬೇಕಾದರೆ ಮೆಡಿ-ಕ್ಯಾಲ್ ಪ್ಲ್ಯಾನಿಗೆ, ಹಲ್ಲಿಗೆ ಇನ್ನೊಂದು ನಂಬರಿಗೆ, ಮಾತ್ರೆಗೆ ಪಾರ್ಟ್ ಡಿ ಕಂಪನಿಗೆ ಫೋನ್ ಮಾಡಬೇಕು. ಇನ್ನೊಂದು ಕಷ್ಟವೂ ಇದೆ. ಮೆಡಿಕೇರ್ ಕೊಟ್ಟು ಉಳಿದ ನೂರಕ್ಕೆ 20ರಲ್ಲಿ ಮೆಡಿ-ಕ್ಯಾಲ್ ತನ್ನ ದರದ ಮಿತಿಯೊಳಗೆ ಮಾತ್ರ ಕೊಡುತ್ತದೆ. ಎಷ್ಟೋ ಸಲ ಡಾಕ್ಟರಿಗೆ ಅದರಲ್ಲಿ ಏನೂ ಸಿಗುವುದಿಲ್ಲ. ಅದಕ್ಕೇ ಕೆಲವು ಕ್ಲಿನಿಕ್ಕುಗಳು ಎರಡು ಕಾರ್ಡಿನ ಹೊಸ ರೋಗಿಗಳನ್ನು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಹಳೆಯ ಡಾಕ್ಟರು ಒಪ್ಪಿಕೊಂಡು ನೋಡುತ್ತಿದ್ದರೆ ಆ ಸಂಬಂಧಕ್ಕೆ ಬೆಲೆ ಕೊಡಿ.

ಮೆಡಿಕೇರ್ ಕೊಟ್ಟು ಉಳಿದದ್ದನ್ನು ಕಟ್ಟುವ ಮೆಡಿಗ್ಯಾಪ್ ಪಾಲಿಸಿ ಮಾರಲು ಯಾರಾದರೂ ಬಂದರೆ ಬೇಡ ಅನ್ನಿ. ಮೆಡಿಕೇಡ್ ಇದ್ದವರಿಗೆ ಅದರ ಅಗತ್ಯ ಇಲ್ಲ. ಸಾಮಾನ್ಯವಾಗಿ ಅವರಿಗೆ ಅದನ್ನು ಮಾರುವುದೇ ತಪ್ಪು.

ಎರಡನೇ ದಾರಿ: ಡಿ-ಸ್ನಿಪ್, ಇಲ್ಲಿನ ಹೆಸರಲ್ಲಿ ಮೆಡಿ-ಮೆಡಿ ಪ್ಲ್ಯಾನ್

ಮೆಡಿಕೇರ್ ಅಡ್ವಾಂಟೇಜ್ ಅಂದರೆ ಮೆಡಿಕೇರನ್ನು ಖಾಸಗಿ ಇನ್ಶೂರೆನ್ಸ್ ಕಂಪನಿಯ ಪ್ಲ್ಯಾನ್ ಮೂಲಕ ಪಡೆಯುವುದು. ಅದರಲ್ಲಿ ಎರಡೂ ಕಾರ್ಡ್ ಇದ್ದವರಿಗೆಂದೇ ಮಾಡಿದ ಪ್ಲ್ಯಾನುಗಳಿಗೆ ಡಿ-ಎಸ್‌ಎನ್‌ಪಿ ಅನ್ನುತ್ತಾರೆ. ಬಾಯಲ್ಲಿ ಎಲ್ಲರೂ ಡಿ-ಸ್ನಿಪ್ ಅನ್ನುವುದು. 2003ರ ಕಾನೂನಿನಿಂದ ಬಂದವು, 2006ರಲ್ಲಿ ಶುರುವಾದವು. ಇವೆಲ್ಲ ಒಂದೇ ಥರ ಇಲ್ಲ. ಕೆಲವು ಮೆಡಿಕೇರ್ ಭಾಗವನ್ನು ಮಾತ್ರ ನೋಡಿಕೊಳ್ಳುತ್ತವೆ, ಮೆಡಿಕೇಡ್ ಬೇರೆಲ್ಲೋ ಇರುತ್ತದೆ. ಇನ್ನು ಕೆಲವು ಎರಡನ್ನೂ ಒಂದೇ ಕಂಪನಿಯ ಅಡಿಯಲ್ಲಿ ತರುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಈ ಎರಡನೇ ಥರದ್ದಕ್ಕೆ ಮೆಡಿ-ಮೆಡಿ ಪ್ಲ್ಯಾನ್ ಎಂದು ಹೆಸರು. ನಮ್ಮ ಸಾಂಟಾ ಕ್ಲಾರಾ ಕೌಂಟಿಯಲ್ಲಿ, ಲಾಸ್ ಏಂಜಲೀಸ್‌ನಲ್ಲಿ, ಸಾನ್ ಡಿಯೇಗೊದಲ್ಲಿ 2023ರಿಂದ ಇವೆ. ಆಮೇಲೆ ಬೇರೆ ಕೌಂಟಿಗಳಿಗೂ ಬಂದಿವೆ.

ಡಿ-ಸ್ನಿಪ್ ಸೇರುವುದಾದರೆ ಈ ಜೋಡಿಸಿದ ಥರದ್ದನ್ನೇ ಸೇರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಂದೇ ಕಾರ್ಡ್, ಒಂದೇ ಫೋನ್ ನಂಬರ್, ಒಬ್ಬ ಕೇರ್ ಕೋಆರ್ಡಿನೇಟರ್. ಪ್ಲ್ಯಾನಿನವರು ಕೊಡುವುದಿಲ್ಲ ಅಂದದ್ದಕ್ಕೆ ಮೇಲ್ಮನವಿ ಹಾಕುವುದೂ ಒಂದೇ ಕಡೆ. ಮೆಡಿಕೇರ್ ಮೆಡಿ-ಕ್ಯಾಲ್ ಮೇಲೆ, ಮೆಡಿ-ಕ್ಯಾಲ್ ಮೆಡಿಕೇರ್ ಮೇಲೆ ಹಾಕುವ ಆಟಕ್ಕೆ ಅವಕಾಶ ಕಡಿಮೆ. ವಾಕರ್, ವೀಲ್‌ಚೇರ್ ಬೇಕಾದಾಗ ಇದರ ಬೆಲೆ ಗೊತ್ತಾಗುತ್ತದೆ.

ಬದಲಿಗೆ ಕೊಡಬೇಕಾದ್ದು ಡಾಕ್ಟರ ಆಯ್ಕೆ. ಪ್ಲ್ಯಾನಿನ ಪಟ್ಟಿಯಲ್ಲಿದ್ದವರನ್ನೇ ನೋಡಬೇಕು. ಎಂಆರ್‌ಐ, ಆಪರೇಷನ್, ಕೆಲವು ಔಷಧಿಗಳಿಗೆ ಮುಂಗಡ ಒಪ್ಪಿಗೆ ಬೇಕು. ತುರ್ತು ಚಿಕಿತ್ಸೆ ಬಿಟ್ಟರೆ ಕೌಂಟಿಯ ಹೊರಗೆ ಹೋದರೆ ತೊಂದರೆ. ಟೆಕ್ಸಸ್‌ನಲ್ಲಿರುವ ಮಗನ ಮನೆಗೆ ಮೂರು ತಿಂಗಳು ಹೋಗಿ ಅಲ್ಲೇ ಡಾಕ್ಟರಿಗೆ ತೋರಿಸುವ ಅಭ್ಯಾಸ ಇದ್ದವರಿಗೆ ಇದು ಹೊಂದುವುದಿಲ್ಲ. ನಡೆಯುತ್ತಿರುವ ಚಿಕಿತ್ಸೆಯ ಮಧ್ಯೆ ಪ್ಲ್ಯಾನ್ ಸೇರಿದರೆ ಕನಿಷ್ಠ 90 ದಿನ ಅದೇ ಚಿಕಿತ್ಸೆ ಮುಂದುವರಿಯಲು ಬಿಡಬೇಕೆಂಬ ನಿಯಮ ಇದೆ. ಅದನ್ನು ಕೇಳಿ ಪಡೆಯಿರಿ.

ಪ್ಲ್ಯಾನಿನ ಜಾಹೀರಾತಿನಲ್ಲಿ ಕಾಣುವುದು ಬೇರೆ: ಅಂಗಡಿಗೆ ಕಾರ್ಡ್, ಜಿಮ್, ಕನ್ನಡಕಕ್ಕೆ ದುಡ್ಡು. ಹಲ್ಲು, ಗಾಡಿ ಇವೆಲ್ಲ ಮೆಡಿ-ಕ್ಯಾಲಿನಲ್ಲೇ ಬಹುಪಾಲು ಇರುತ್ತವೆ. ತಿಂಗಳಿಗೆ ಸಿಗುವ ಶಾಂಪೂ, ಟೂತ್‌ಪೇಸ್ಟಿಗಾಗಿ ಹತ್ತು ವರ್ಷದ ಡಾಕ್ಟರನ್ನು ಬಿಟ್ಟುಕೊಟ್ಟು ಆಮೇಲೆ ಅತ್ತವರನ್ನು ನೋಡಿದ್ದೇನೆ. ನೀವು ಕೇಳದೆ ಏಜೆಂಟರು ಫೋನ್ ಮಾಡುವಂತಿಲ್ಲ, ಬಾಗಿಲು ತಟ್ಟುವಂತಿಲ್ಲ. ಹಾಗೆ ಮಾಡಿದವರಿಗೆ ಮೆಡಿಕೇರ್ ನಂಬರ್ ಹೇಳಲೇಬೇಡಿ ಎಂದು ಅಪ್ಪ ಅಮ್ಮನಿಗೆ ಇವತ್ತೇ ಹೇಳಿಡಿ.

ಮೂರನೇ ದಾರಿ: ಸಾಮಾನ್ಯ ಮೆಡಿಕೇರ್ ಅಡ್ವಾಂಟೇಜ್

ಎಲ್ಲರಿಗೂ ಮಾರುವ ಪ್ಲ್ಯಾನ್. ನೆಟ್‌ವರ್ಕಿನ ಕಟ್ಟು ಇದೆ, ಎರಡನ್ನೂ ಜೋಡಿಸುವವರು ಇಲ್ಲ. ಅಂದರೆ ಎರಡೂ ಕಡೆಯ ಕಷ್ಟ. ನಿಮಗೆ ಬೇಕೇಬೇಕಾದ ಒಬ್ಬ ಡಾಕ್ಟರು ಅದೊಂದರಲ್ಲೇ ಸಿಗುವುದಾದರೆ ಸರಿ. ಇಲ್ಲದಿದ್ದರೆ ಎರಡು ಕಾರ್ಡ್ ಇದ್ದವರಿಗೆ ಇದನ್ನು ನಾನು ಹೇಳುವುದಿಲ್ಲ.

ನಾಲ್ಕನೇ ದಾರಿ: ಪೇಸ್

ಪೇಸ್ ಅಂದರೆ ಡೇ ಸೆಂಟರಿನ ಮೂಲಕ ಎಲ್ಲ ಆರೈಕೆಯನ್ನೂ ಒಂದೇ ಕಡೆ ಕೊಡುವ ಯೋಜನೆ. ಇದರ ಬಗ್ಗೆ ನಮ್ಮವರಿಗೆ ಗೊತ್ತಿರುವುದು ತೀರ ಕಡಿಮೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಾನ್ ಫ್ರಾನ್ಸಿಸ್ಕೋದ ಚೈನಾಟೌನಿನಲ್ಲಿ ಚೀನೀ ಕುಟುಂಬಗಳಿಗೆ ವಯಸ್ಸಾದವರನ್ನು ನರ್ಸಿಂಗ್ ಹೋಮಿಗೆ ಬಿಡಲು ಮನಸ್ಸಿರಲಿಲ್ಲ. ನೋಡಿಕೊಳ್ಳಲು ಹಗಲಲ್ಲಿ ಮನೆಯಲ್ಲಿ ಜನವೂ ಇರಲಿಲ್ಲ. ನಮ್ಮ ಮನೆಗಳ ಕಥೆಯೇ ಅಲ್ವಾ? 1971ರಲ್ಲಿ ಅಲ್ಲಿ ಆನ್ ಲೋಕ್ ಅನ್ನುವ ಸಂಸ್ಥೆ ಹುಟ್ಟಿತು. ಅದು ಬೆಳೆಸಿದ ಪದ್ಧತಿಯೇ 1997ರ ಕಾನೂನಿನಲ್ಲಿ ಪೇಸ್ ಎಂಬ ಹೆಸರಲ್ಲಿ ಮೆಡಿಕೇರಿನ ಕಾಯಂ ಭಾಗವಾಯಿತು. ಆನ್ ಲೋಕ್ ಈಗ ಫ್ರೀಮಾಂಟ್, ಸಾನ್ ಹೋಸೆಯಲ್ಲೂ ಇದೆ. ಬೇರೆ ಪೇಸ್ ಸಂಸ್ಥೆಗಳೂ ಇವೆ.

ಬೆಳಿಗ್ಗೆ ವ್ಯಾನ್ ಮನೆ ಬಾಗಿಲಿಗೆ ಬರುತ್ತದೆ. ಸೆಂಟರಿನಲ್ಲಿ ಡಾಕ್ಟರು, ನರ್ಸು, ವ್ಯಾಯಾಮ ಮಾಡಿಸುವವರು, ಊಟ, ಮಾತುಕತೆ ಎಲ್ಲ ಒಂದೇ ಸೂರಿನಡಿ. ಮಾತ್ರೆ ಅವರೇ ಕೊಡುತ್ತಾರೆ. ಮನೆಗೆ ಸಹಾಯಕರನ್ನು ಕಳಿಸುತ್ತಾರೆ. ಎರಡೂ ಕಾರ್ಡ್ ಇದ್ದವರಿಗೆ ಪ್ರೀಮಿಯಂ ಇಲ್ಲ, ಪ್ರತಿ ಸಲ ಕೈಯಿಂದ ಕೊಡುವ ಕೋ-ಪೇ ಇಲ್ಲ, ಔಷಧಿಗೂ ಇಲ್ಲ. ರೋಗಿಯ ಬಗ್ಗೆ ಕೂತು ಮಾತಾಡುವ ತಂಡದಲ್ಲಿ ವ್ಯಾನ್ ಡ್ರೈವರ್ ಕೂಡ ಇರಬೇಕೆಂದು ನಿಯಮವೇ ಇದೆ. "ಇವತ್ತು ಅಜ್ಜಿ ಮೆಟ್ಟಿಲು ಇಳಿಯಲು ತಡವರಿಸಿದರು" ಅನ್ನುವುದು ಮೊದಲು ಕಾಣುವುದು ಅವನಿಗೇ. ಈ ಒಂದು ನಿಯಮ ಓದಿದಾಗ ಇದನ್ನು ಮಾಡಿದವರು ಮುದುಕರ ಜೊತೆ ಬದುಕಿದವರು ಅನ್ನಿಸಿತು.

ಎಲ್ಲರಿಗೂ ಸಿಗುವುದಿಲ್ಲ. 55 ದಾಟಿರಬೇಕು. ನರ್ಸಿಂಗ್ ಹೋಮಿನಷ್ಟು ಆರೈಕೆ ಬೇಕು ಎಂದು ರಾಜ್ಯ ಒಪ್ಪಬೇಕು, ಆದರೂ ಸಹಾಯದೊಂದಿಗೆ ಮನೆಯಲ್ಲಿ ಇರಲು ಸಾಧ್ಯವಾಗುವಂತಿರಬೇಕು. ಅವರ ಸೇವೆ ಇರುವ ಜಿಪ್ ಕೋಡಿನಲ್ಲಿ ವಾಸ ಇರಬೇಕು. ಸೇರಿದ ಮೇಲೆ ಹೊರಗಿನ ಡಾಕ್ಟರು ಇಲ್ಲ. ಅವರು ಹೇಳಿದವರ ಹತ್ತಿರವೇ ಹೋಗಬೇಕು. ಪಾರ್ಟ್ ಡಿ ಬೇರೆ ಸೇರಿದರೆ ಪೇಸ್‌ನಿಂದಲೇ ಹೊರಗೆ ಬೀಳುತ್ತೀರಿ.

ಸೇರುವ ಮೊದಲು ಒಂದು ದಿನ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿ ಕೂರಿಸಿ. ನಮ್ಮ ಪರಿಚಯದ ಮೈಸೂರಿನ ಅಂಕಲ್‌ಗೆ ಮರೆವಿನ ಕಾಯಿಲೆ. ಅವರ ಮಗಳು ಹಾಗೆ ಒಂದು ದಿನ ಜೊತೆಗೆ ಕೂತು ಬಂದಳು. ಊಟದ ತಟ್ಟೆಯಲ್ಲಿ ಏನಿತ್ತು, ಮೊಟ್ಟೆ ಹಾಕಿದ್ದಾರಾ, ಹಿಂದಿ ಬಲ್ಲ ಸಹಾಯಕಿ ಯಾವ ದಿನ ಇರುತ್ತಾರೆ ಎಲ್ಲ ಬರೆದುಕೊಂಡಳು. ಅನ್ನ, ಮೊಸರು, ಬೇಯಿಸಿದ ತರಕಾರಿ ಸಿಗುತ್ತದೆ ಎಂದು ಖಾತ್ರಿಯಾದ ಮೇಲೆ ಸೇರಿಸಿದರು. ಸಂಜೆ ವ್ಯಾನಿನಿಂದ ಇಳಿದ ಅಂಕಲ್ "ಇವತ್ತು ಆಫೀಸು ಬೇಗ ಮುಗೀತು" ಅನ್ನುತ್ತಾರಂತೆ. ಮಗಳು ಬಿಟ್ಟಿದ್ದ ಕೆಲಸಕ್ಕೆ ಮತ್ತೆ ಹೋಗುತ್ತಿದ್ದಾಳೆ.

ಮನೆಯವರೇ ನೋಡಿಕೊಳ್ಳುವುದಾದರೆ

ಐಎಚ್‌ಎಸ್‌ಎಸ್ ಬಗ್ಗೆ ಹೇಳದೆ ಈ ಹೋಲಿಕೆ ಮುಗಿಯುವುದಿಲ್ಲ. ಮನೆಯಲ್ಲೇ ಆರೈಕೆ ಮಾಡಲು ಮೆಡಿ-ಕ್ಯಾಲ್ ಗಂಟೆಯ ಲೆಕ್ಕದಲ್ಲಿ ಸಂಬಳ ಕೊಡುವ ಯೋಜನೆ ಇದು. ಆ ಸಂಬಳ ಮಗಳಿಗೋ, ಸೊಸೆಗೋ, ಕೆಲವು ಷರತ್ತಿನ ಮೇಲೆ ಗಂಡ ಅಥವಾ ಹೆಂಡತಿಗೋ ಬರಬಹುದು. ಕೌಂಟಿಯಿಂದ ಸೋಷಿಯಲ್ ವರ್ಕರ್ ಮನೆಗೆ ಬಂದು ಸ್ನಾನಕ್ಕೆ ಎಷ್ಟು ಹೊತ್ತು, ಅಡುಗೆಗೆ ಎಷ್ಟು, ಬಟ್ಟೆಗೆ ಎಷ್ಟು ಎಂದು ಅಳೆದು ಬರೆಯುತ್ತಾರೆ. ತಿಂಗಳಿಗೆ ಹೆಚ್ಚೆಂದರೆ 283 ಗಂಟೆ. ನೋಡಿಕೊಳ್ಳುವವರು ಬೆರಳಚ್ಚು ಕೊಡಬೇಕು, ತಿಳಿವಳಿಕೆ ತರಗತಿಗೆ ಹೋಗಬೇಕು. ಇಬ್ಬರೂ ಒಂದೇ ಮನೆಯಲ್ಲಿದ್ದರೆ ಅದಕ್ಕೆ ಫಾರ್ಮ್ ತುಂಬಿಕೊಟ್ಟು ಆ ಸಂಬಳದ ಮೇಲೆ ಫೆಡರಲ್ ಆದಾಯ ತೆರಿಗೆ ಬೀಳದಂತೆ ಮಾಡಿಕೊಳ್ಳಬಹುದು.

ಸೋಷಿಯಲ್ ವರ್ಕರ್ ಬಂದ ದಿನ ನಮ್ಮಮ್ಮ ಹೊಸ ಸೀರೆ ಉಟ್ಟು ಕೂತಿದ್ದರು. ಎಲ್ಲದಕ್ಕೂ "ನಾನೇ ಮಾಡ್ಕೋತೀನಿ" ಅಂದರು. ಗಂಟೆ ಕಡಿಮೆ ಬಂತು. ಮೇಲ್ಮನವಿ ಹಾಕಿ, ಮತ್ತೆ ಅಳತೆ ಮಾಡಿಸಬೇಕಾಯಿತು. ನಿಮ್ಮ ಮನೆಯಲ್ಲಿ ಕೆಟ್ಟ ದಿನ ಹೇಗಿರುತ್ತದೋ ಹಾಗೆಯೇ ಹೇಳಿ. ಮಂಡಿ ನೋವಿನಲ್ಲಿ ಬಾತ್‌ರೂಮಿಗೆ ಹೋಗಲು ಎಷ್ಟು ನಿಮಿಷ ಬೇಕು ಅನ್ನುವುದನ್ನು ಮುಂಚೆ ಒಂದು ವಾರ ಬರೆದಿಡಿ.

ಐಎಚ್‌ಎಸ್‌ಎಸ್ ಮೊದಲ ದಾರಿಯಲ್ಲೂ, ಮೆಡಿ-ಮೆಡಿ ಪ್ಲ್ಯಾನಿನಲ್ಲೂ ಇರುತ್ತದೆ. ಪೇಸ್ ಸೇರುವುದಾದರೆ ಈಗಿನ ಗಂಟೆಗಳು ಏನಾಗುತ್ತವೆ, ನೋಡಿಕೊಳ್ಳುವ ಮಗಳ ಸಂಬಳ ಏನಾಗುತ್ತದೆ ಎಂದು ಸಹಿ ಹಾಕುವ ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ. ಆ ಸಂಬಳದ ಮೇಲೆ ಮನೆ ನಡೆಯುತ್ತಿದ್ದರೆ ಉಳಿದ ಎಲ್ಲ ಲೆಕ್ಕಕ್ಕಿಂತ ಇದೇ ದೊಡ್ಡದು.

ಊರಿಗೆ ಹೋಗುವವರು

ಬೆಂಗಳೂರಿನಲ್ಲಿ ಬಿದ್ದು ಸೊಂಟ ಮುರಿದರೆ ಮೆಡಿಕೇರ್ ಒಂದು ಡಾಲರನ್ನೂ ಕೊಡುವುದಿಲ್ಲ. ಅದಕ್ಕೆ ಬೇರೆ ಪಾಲಿಸಿ ಇರಲೇಬೇಕು. ದಾರಿ ಆರಿಸುವಾಗ ಎಷ್ಟು ದಿನ ಊರಲ್ಲಿರುತ್ತಾರೆ ಅನ್ನುವುದು ಮುಖ್ಯ. ಒರಿಜಿನಲ್ ಮೆಡಿಕೇರ್ ನೀವು ಎಷ್ಟು ತಿಂಗಳು ಹೋದರೂ ಹಾಗೆಯೇ ಇರುತ್ತದೆ. ಡಿ-ಸ್ನಿಪ್ ಆದರೆ 6 ತಿಂಗಳಿಗಿಂತ ಜಾಸ್ತಿ ಹೊರಗಿದ್ದರೆ ತೆಗೆದುಹಾಕುತ್ತಾರೆ. ಪೇಸ್‌ನಲ್ಲಿ ಸತತ 30 ದಿನ ದಾಟಿದರೆ, ಮೊದಲೇ ಮಾತಾಡಿ ಒಪ್ಪಿಸಿರದಿದ್ದರೆ, ಹೆಸರು ಹೋಗಬಹುದು. ಮೆಡಿ-ಕ್ಯಾಲ್‌ಗೆ 60 ದಿನಕ್ಕಿಂತ ಜಾಸ್ತಿ ರಾಜ್ಯದ ಹೊರಗಿದ್ದರೆ ಕೌಂಟಿಗೆ ತಿಳಿಸಬೇಕು. ಪ್ರತಿ ವರ್ಷ ನವೀಕರಣದ ಕಾಗದ ಬರುವ ತಿಂಗಳು ಯಾವುದೆಂದು ನೋಡಿ ಟಿಕೆಟ್ ಮಾಡಿಸಿ. ಆ ಕಾಗದ ಮೇಜಿನ ಮೇಲೆ ಕೊಳೆತು ಎರಡನೇ ಕಾರ್ಡ್ ಹೋದ ಮನೆಗಳು ಎಷ್ಟೋ.

ಹಾಗಾದರೆ ಯಾರಿಗೆ ಯಾವುದು

ನಡೆದಾಡುವ, ತಮ್ಮ ಕೆಲಸ ತಾವೇ ಮಾಡಿಕೊಳ್ಳುವ, ವರ್ಷಕ್ಕೆ ನಾಲ್ಕು ತಿಂಗಳು ಊರಲ್ಲಿರುವ 68ರ ಅಮ್ಮನಿಗೆ ಒರಿಜಿನಲ್ ಮೆಡಿಕೇರ್ ಸಾಕು. ಕ್ಯಾನ್ಸರ್, ಕಿಡ್ನಿಯಂಥ ಕಾಯಿಲೆಗೆ ಒಬ್ಬರೇ ಡಾಕ್ಟರನ್ನು ನೆಚ್ಚಿಕೊಂಡವರಿಗೂ ಅದೇ. ಕಾಗದಪತ್ರ ನೋಡಲು ಮನೆಯಲ್ಲಿ ಒಬ್ಬರು ಇರಬೇಕು, ಅಷ್ಟೇ.

ನಾಲ್ಕೈದು ಕಾಯಿಲೆ, ಹತ್ತು ಮಾತ್ರೆ, ಮಕ್ಕಳಿಬ್ಬರಿಗೂ ಬಿಡುವಿಲ್ಲದ ಕೆಲಸ, ಡಾಕ್ಟರು ಯಾರಾದರೂ ಆದೀತು ಅನ್ನುವವರಿಗೆ ಮೆಡಿ-ಮೆಡಿ ಪ್ಲ್ಯಾನ್. ಈಗಿನ ಡಾಕ್ಟರುಗಳು ಅದರ ಪಟ್ಟಿಯಲ್ಲಿದ್ದರಂತೂ ಯೋಚನೆಯೇ ಬೇಡ. ಪಟ್ಟಿಯನ್ನು ವೆಬ್‌ಸೈಟಿನಲ್ಲಿ ನೋಡಿ ನಂಬಬೇಡಿ. ಕ್ಲಿನಿಕ್ಕಿಗೇ ಫೋನ್ ಮಾಡಿ ಕೇಳಿ.

ಹಗಲಲ್ಲಿ ಒಬ್ಬರನ್ನೇ ಬಿಡಲಾಗದ ಸ್ಥಿತಿ ಬಂದಿದ್ದರೆ, ಊರಿಗೆ ಹೋಗುವುದು ನಿಂತಿದ್ದರೆ, ಪೇಸ್ ನೋಡಿ. ಇನ್ನೊಂದು ಮಾತು. ಗಂಡ ಹೆಂಡತಿ ಒಂದೇ ದಾರಿಯಲ್ಲಿ ಇರಬೇಕೆಂದಿಲ್ಲ. ಮೈಸೂರಿನ ಅಂಕಲ್ ಪೇಸ್‌ನಲ್ಲಿ, ಆಂಟಿ ಒರಿಜಿನಲ್ ಮೆಡಿಕೇರಿನಲ್ಲಿ ಇದ್ದಾರೆ. ನಮ್ಮಮ್ಮನೂ ಒರಿಜಿನಲ್ಲೇ. ಅವರ ಕಿಡ್ನಿ ಡಾಕ್ಟರು ನಮ್ಮ ಕೌಂಟಿಯ ಯಾವ ಮೆಡಿ-ಮೆಡಿ ಪ್ಲ್ಯಾನಿನಲ್ಲೂ ಇಲ್ಲ. ಫೋನು ಮಾಡುವ ಕೆಲಸ ನನ್ನದು. ಎರಡು ವರ್ಷ ಬಿಟ್ಟು ನನಗೆ ಆಗದಿದ್ದರೆ ಮತ್ತೆ ಯೋಚನೆ ಮಾಡುತ್ತೇನೆ.

ಬೇರೆ ರಾಜ್ಯದಲ್ಲಿದ್ದರೆ ಹೆಸರುಗಳು ಬೇರೆ. ನ್ಯೂಜೆರ್ಸಿಯಲ್ಲಿ ಮೆಡಿಕೇಡ್‌ಗೆ ಎನ್‌ಜೆ ಫ್ಯಾಮಿಲಿಕೇರ್ ಅನ್ನುತ್ತಾರೆ, ವಾಷಿಂಗ್ಟನ್ ರಾಜ್ಯದಲ್ಲಿ ಆಪಲ್ ಹೆಲ್ತ್. ಮ್ಯಾಸಚೂಸೆಟ್ಸ್‌ನಲ್ಲಿ 65 ದಾಟಿದವರಿಗೆ ಸೀನಿಯರ್ ಕೇರ್ ಆಪ್ಷನ್ಸ್ ಎಂಬ ಜೋಡಿಸಿದ ಪ್ಲ್ಯಾನುಗಳಿವೆ. ಪೇಸ್ ಎಲ್ಲ ರಾಜ್ಯಗಳಲ್ಲೂ ಇಲ್ಲ. ಐಎಚ್‌ಎಸ್‌ಎಸ್ ಕ್ಯಾಲಿಫೋರ್ನಿಯಾದ್ದು, ನಿಮ್ಮಲ್ಲಿ ಅಂಥದ್ದು ಬೇರೆ ಹೆಸರಲ್ಲಿ ಇದೆಯೇ ಎಂದು ಕೇಳಿ. ಕೇಳಬೇಕಾದ ಐದು ಪ್ರಶ್ನೆ ಮಾತ್ರ ಎಲ್ಲಾ ಕಡೆ ಅವೇ.

ಬದಲಾಯಿಸುವಾಗ

ಯಾವ ಪ್ಲ್ಯಾನನ್ನೂ ಮಾರದೆ ಸಲಹೆ ಕೊಡುವವರು ಪ್ರತಿ ರಾಜ್ಯದಲ್ಲೂ ಇದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ಅದರ ಹೆಸರು ಹೈಕ್ಯಾಪ್, ನಂಬರ್ 1-800-434-0222. ದುಡ್ಡು ತೆಗೆದುಕೊಳ್ಳುವುದಿಲ್ಲ. ಬ್ರೋಕರಿಗೆ ಉತ್ತರ ಕೊಡುವ ಮೊದಲು ಇವರ ಜೊತೆ ಮಾತಾಡಿ. ಆ ಒಂದು ಹಾಳೆ, ಮಾತ್ರೆಗಳ ಪಟ್ಟಿ, ಎರಡೂ ಕಾರ್ಡ್ ಕೈಯಲ್ಲಿರಲಿ. ಅಪ್ಪ ಅಮ್ಮನೇ ಮಾತಾಡುವುದಾದರೆ ಕನ್ನಡ ದುಭಾಷಿ ಬೇಕು ಎಂದು ಕೇಳಿ. ಪ್ಲ್ಯಾನುಗಳು ದುಭಾಷಿಯನ್ನು ಬಿಟ್ಟಿಯಾಗಿ ಕೊಡಲೇಬೇಕು.

2025ರಿಂದ ನಿಯಮ ಹೀಗಿದೆ. ಪ್ಲ್ಯಾನ್ ಬಿಟ್ಟು ಒರಿಜಿನಲ್ ಮೆಡಿಕೇರಿಗೆ, ಜೊತೆಗೊಂದು ಪಾರ್ಟ್ ಡಿಗೆ, ಯಾವ ತಿಂಗಳಾದರೂ ಬರಬಹುದು. ಮೆಡಿ-ಕ್ಯಾಲ್ ಜೊತೆ ಜೋಡಿಸಿದ ಡಿ-ಸ್ನಿಪ್‌ಗೂ ಯಾವ ತಿಂಗಳಾದರೂ ಹೋಗಬಹುದು. ಪೇಸ್ ಕೂಡ ಹಾಗೆಯೇ, ಸೇರುವುದಕ್ಕೂ ಬಿಡುವುದಕ್ಕೂ. ಆದರೆ ಸಾಮಾನ್ಯ ಅಡ್ವಾಂಟೇಜ್ ಪ್ಲ್ಯಾನ್ ಸೇರಲು ಹೆಚ್ಚಿನವರು ಅಕ್ಟೋಬರ್ 15ರಿಂದ ಡಿಸೆಂಬರ್ 7ರವರೆಗಿನ ಸಮಯಕ್ಕೆ ಕಾಯಬೇಕು. ತಪ್ಪು ಆರಿಸಿದೆವು ಅನ್ನಿಸಿದರೆ ವರ್ಷವಿಡೀ ಒದ್ದಾಡಬೇಕಾಗಿಲ್ಲ.

ಬದಲಾವಣೆ ಜಾರಿಗೆ ಬರುವುದು ಮುಂದಿನ ತಿಂಗಳ 1ನೇ ತಾರೀಖಿಗೆ. ಅಲ್ಲಿಯವರೆಗೆ ಹಳೆಯ ಕಾರ್ಡೇ ನಡೆಯುತ್ತದೆ. ತಿಂಗಳ ಕೊನೆಯ ವಾರದಲ್ಲಿ ಮಾತ್ರೆಗಳನ್ನು ತುಂಬಿಸಿಟ್ಟುಕೊಳ್ಳಿ. ಹೊಸ ಪ್ಲ್ಯಾನಿನ ಹೆಸರು ಫಾರ್ಮಸಿಯ ಕಂಪ್ಯೂಟರಿನಲ್ಲಿ ಬರಲು ಕೆಲವು ದಿನ ಹಿಡಿಯಬಹುದು. 1ನೇ ತಾರೀಖು ಬೆಳಿಗ್ಗೆ ಇನ್ಸುಲಿನ್ ಇಲ್ಲದೆ ನಿಲ್ಲುವಂತಾಗಬಾರದು.